ಮ್ಯಾನೇಜರ್ ಮೇಯ್ದ ಪ್ರಯೋಗ

ಬೆಳಿಗ್ಗೆ ಗಾಜಿನಮನೆಯ ಬಾಗಿಲು ತೆಗೆದರೆ, ನಮ್ಮ ಮ್ಯಾನೇಜರ್ ನಿತ್ಯಪುಷ್ಪದ ಎಲೆ ಅಗಿಯುತ್ತ ನಿಂತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಲ್ಯಾಬ್‌ನಲ್ಲಿ ಆ ಗಿಡಗಳ ಒಂದು ಜೀನ್ ಕತ್ತರಿಸಿದ್ದೆವು. ಅದಿಲ್ಲದಿದ್ದರೆ ಎಲೆಯಲ್ಲಿ ಕ್ಯಾನ್ಸರ್ ಔಷಧಿಗೆ ಬಳಸುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯಬೇಕಿತ್ತು. ಅಳೆಯಲು ಎಲೆಯೇ ಉಳಿದಿರಲಿಲ್ಲ.

“ಶುಗರ್‌ಗೆ ಒಳ್ಳೇದು ಕಣ್ರೀ. ಲ್ಯಾಬ್ ಗಿಡ ಅಂದ್ಮೇಲೆ ಪವರ್ ಜಾಸ್ತಿ ಇರುತ್ತಲ್ವಾ?” ಎಂದರು.

“ಸಾರ್, ಇದ್ರಲ್ಲಿ ಔಷಧಿ ಮಾಡೋ ಜೀನನ್ನೇ ಕತ್ತರಿಸಿದೀವಿ,” ಎಂದೆ.

ಅವರು ಅಗಿಯುವುದನ್ನು ನಿಲ್ಲಿಸಿ ಕೇಳಿದರು: “ಹಾಗಾದ್ರೆ ಕತ್ತರಿಸದೇ ಇರೋದು ಯಾವ ಸಾಲು?”

ಸಂಜೆಯ ಮೀಟಿಂಗ್‌ನಲ್ಲಿ, ಫಲಿತಾಂಶ ತಡವಾಯಿತೆಂದು ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡವರೂ ಅವರೇ. ನಾನು ಮತ್ತೆ ಬೀಜ ಬಿತ್ತಿದ್ದೇನೆ. ಗಾಜಿನಮನೆಗೆ ಈಗ ಬೀಗ ಬಿದ್ದಿದೆ; ಜವಾಬ್ದಾರಿಯ ವಿಷಯವೆಂದು ಕೀಲಿಕೈಯನ್ನು ಅವರೇ ಇಟ್ಟುಕೊಂಡಿದ್ದಾರೆ.