ದೇವರ ಗೂಳಿಗೆ ಮಾಲಕಿ ಸಿಕ್ಕಳು

ಗೆಳೆಯರೇ, ಇವತ್ತು ತಡಸದ ಪಂಚಾಯ್ತಿ ಕಟ್ಟೆಯ ಮೂಲೆಯಲ್ಲಿ ನಿಂತು ಕಂಡದ್ದಿದು. ಹಾಯುವ ದನದ ಕೊರಳಿಗೆ ಅದರ ಮಾಲಕ ಮರದ ದಿಮ್ಮಿ ಕಟ್ಟಬೇಕೆಂಬುದು ಊರಿನ ನಿಯಮ. ಆದರೆ ಕಾಯಿಪಲ್ಯೆ ಮಾರುವ ಸಕ್ರವ್ವನ ತೊಡೆಗೆ ನಿನ್ನೆ ಹಾದದ್ದು ದೇವರ ಹೆಸರಿನಲ್ಲಿ ಬಿಟ್ಟ ಗೂಳಿ.

“ದೇವ್ರ ಗೂಳಿಗೆ ಮಾಲಕ ಯಾರ ಇರ್ತಾರಬೇ?” ಎಂದರು ಚೇರಮನ್ನರು, ಗಾಂಧಿ ಟೋಪಿ ಸರಿಪಡಿಸಿಕೊಳ್ಳುತ್ತ.

“ಹಂಗಾರ ದೇವ್ರ ಬಂದು ದಿಮ್ಮಿ ಕಟ್ಟತಾನೇನ್ರಿ? ನಾಳೆ ಸಂತ್ಯಾಗ ನಾ ಹ್ಯಾಂಗ ಕುಂದ್ರಲಿ?”

ಸಕ್ರವ್ವ ಕುಂಟುತ್ತ ಹೋಗಿ, ಗೂಳಿಗೆ ಮೂಲಂಗಿ ತೊಪ್ಪಲು ತಿನ್ನಿಸುತ್ತ ತಾನೇ ದಿಮ್ಮಿ ಕಟ್ಟಿ ಬಂದಳು.

“ಛಲೋ ಆತು,” ಎಂದರು ಚೇರಮನ್ನರು. “ದಿಮ್ಮಿ ಕಟ್ಟಿದಾಕೀನ ಮಾಲಕಿ. ಇನ್ನ ಅದು ಯಾರಿಗೆ ಹಾಯ್ದರೂ ನಿಂದ ಜವಾಬ್ದಾರಿ.”

ಹೋದ ಹುಣ್ಣಿಮೆಗೆ ಅದೇ ಗೂಳಿಗೆ ಹೋಳಿಗೆ ತಿನ್ನಿಸಲು ನಾ ಮೊದಲು, ನೀ ಮೊದಲು ಎಂದು ಜಗಳಾಡಿದವರೆಲ್ಲ ತಲೆಯಾಡಿಸಿದರು. ಪುಣ್ಯ ಇನ್ನೂ ಊರಿನದೇ. ಕೊಂಬು ಮಾತ್ರ ಸಕ್ರವ್ವನದು.