ನಮ್ಮದೇ ಬಾಡಿಗೆ ಮನೆಯಲ್ಲಿ ನೆಂಟರು

ಕುಂಜತ್ತೂರಿನಲ್ಲಿ ನಾವಿದ್ದ ಬಾಡಿಗೆ ಮನೆಯನ್ನು ಹನ್ನೊಂದು ತಿಂಗಳಿಗೊಮ್ಮೆ ಖಾಲಿ ಮಾಡುತ್ತಿದ್ದೆವು. ಬೆಳಿಗ್ಗೆ ಹೊರಗೆ, ಸಂಜೆ ಮತ್ತೆ ಅದೇ ಮನೆಯ ಒಳಗೆ. ಕರಾರು ಹನ್ನೊಂದು ತಿಂಗಳಿನದು. ಅದು ಮುಗಿದ ದಿನವೂ ನಾವು ಒಳಗೇ ಇದ್ದುಬಿಟ್ಟರೆ ಮನೆ ನಮ್ಮದಾಗುತ್ತದೆ ಎಂಬುದು ಮನೆಯೊಡತಿಯ ಹೆದರಿಕೆ. ಹೆದರಿಕೆಗೆ ಕಾರಣವೂ ಇತ್ತು. ಭೂಸುಧಾರಣೆಯ ಕಾಲದಲ್ಲಿ ಅವರ ಮಾವನ ಗದ್ದೆಗಳೆಲ್ಲ ಒಕ್ಕಲುಗಳ ಹೆಸರಿಗೆ ಹೋಗಿದ್ದವು. ಉಳಿದದ್ದು ಅವರು ವಾಸವಿದ್ದ ಎರಡು ಕೋಣೆ ಮತ್ತು ಪಕ್ಕದ ಈ ಹಂಚಿನ ಮನೆ. ಇದರ ಬಾಡಿಗೆಯಿಂದಲೇ ಅವರ ಒಲೆ ಉರಿಯಬೇಕು. ಗದ್ದೆಯ ಕಾನೂನು ಬೇರೆ, ಬಾಡಿಗೆ ಮನೆಯ ಕಾನೂನು ಬೇರೆ ಎಂದು ಶಾಲಾ ಮಾಸ್ತರರಾದ ನನ್ನ ಗಂಡ ಎಷ್ಟೋ ಸಲ ಬಿಡಿಸಿ ಹೇಳಿದ್ದರು.

"ನನ್ನ ಮಾವನಿಗೂ ಹೀಗೇ ಧೈರ್ಯ ಹೇಳಿದ್ರು ಮಾಷ್ಟ್ರೇ" ಎಂದು ಆಕೆ ಮಾತು ಮುಗಿಸುತ್ತಿದ್ದರು.

ಹಾಗಾಗಿ ಆ ದಿನ ಗ್ಯಾಸಿನ ಒಲೆ, ಪಾತ್ರೆ, ಹಾಸಿಗೆ, ದೇವರ ಪಟ ಎಲ್ಲ ಅಂಗಳಕ್ಕೆ. ಜಗಲಿಯಲ್ಲಿ ಇಡುವಂತಿಲ್ಲ, ಅದೂ ಮನೆಯೇ. ಹಂಚಿನ ಮಾಡಿನಿಂದ ಮಳೆನೀರು ಬೀಳುವ ಗೆರೆಯಿಂದ ಆಚೆ ಇರಬೇಕು. ಮೊದಲ ವರ್ಷ ನೆರೆಯವರು ಜಗಳವೋ ಸಾವೋ ಎಂದು ಓಡಿ ಬಂದಿದ್ದರು. ಆಮೇಲಾಮೇಲೆ ಮಾತಾಡಲೆಂದೇ ಬಂದು ನಮ್ಮ ಕುರ್ಚಿಗಳಲ್ಲಿ ಕೂರತೊಡಗಿದರು.

ಒಂದು ವರ್ಷ, ಖಾಲಿ ಮಾಡುವ ಹಿಂದಿನ ದಿನ ನನ್ನ ಗಂಡ ಅಕ್ಕಿಯ ಡಬ್ಬ ಎತ್ತಲು ಬಗ್ಗಿದವರು ಬಗ್ಗಿದಲ್ಲೇ ಉಳಿದರು. ಸೊಂಟ ಹಿಡಿದಿತ್ತು. ನಾಟಿಮದ್ದಿನ ಪಂಡಿತರು ಬಂದು ಎಣ್ಣೆ ಹಚ್ಚಿ, ಹಲಗೆಯ ಮೇಲೆ ಮಲಗಿಸಿ, ಅಲುಗಾಡಕೂಡದು ಎಂದು ಹೇಳಿ ಹೋದರು. ಸುದ್ದಿ ತಿಳಿದು ಮನೆಯೊಡತಿ ಬಾಗಿಲಿಗೆ ಬಂದರು.

"ನಾಳೆ ಮಾಷ್ಟ್ರು ಒಳಗೆ ಉಳಿದ್ರೆ ಮನೆ ಖಾಲಿ ಆದ ಲೆಕ್ಕವಾ?"

"ಮುಟ್ಟಿದರೆ ಕಿರುಚುತ್ತಾರೆ ದೊಡ್ಡಮ್ಮ. ಎಂತ ಮಾಡುವುದು?"

"ಹಲಗೆ ಸಮೇತ ಎತ್ತುವ. ನಾಲ್ಕು ಜನರನ್ನು ನಾನು ಕರೆಸ್ತೇನೆ."

ಒಳಗಿನಿಂದ ಗಂಡನ ದನಿ ಬಂತು: "ನಾಲ್ಕು ಜನ ಎತ್ತಿಕೊಂಡು ಹೋಗುವುದು ಯಾರನ್ನು ಅಂತ ನಿಮಗೆ ಗೊತ್ತುಂಟಲ್ಲ ದೊಡ್ಡಮ್ಮ?"

ಆಕೆ ಬಾಯಿಗೆ ಸೆರಗು ಹಿಡಿದರು, ಪಟ್ಟು ಮಾತ್ರ ಬಿಡಲಿಲ್ಲ. "ಖಾಲಿ ಆಗದೆ ಹೊಸ ಕರಾರು ಇಲ್ಲ. ಬೇರೆ ಮನೆ ನೋಡಿ." ಎದ್ದು ಕೂರಲಾಗದವರನ್ನು ಕಟ್ಟಿಕೊಂಡು ನಾನು ಯಾವ ಮನೆ ಹುಡುಕಲಿ?

ಆಕೆ ಅಲ್ಲಿಂದಲೇ ಬಸ್ಸು ಹತ್ತಿ ಆಧಾರ, ಅಂದರೆ ಆಸ್ತಿಯ ಪತ್ರ, ಬರೆಯುವವರನ್ನು ಕಂಡು ಬಂದರು. ಹಿಂದಿರುಗಿದಾಗ ಮುಖ ಅರಳಿತ್ತು. "ಮನೆ ನನ್ನ ಸ್ವಾಧೀನಕ್ಕೆ ಬಂದ್ರೆ ಸಾಕಂತೆ. ನಾಳೆ ನಾನೇ ಬಂದು ಇರ್ತೇನೆ. ನೀವು ನನ್ನ ನೆಂಟರು. ಆದ್ರೆ ನೆಂಟರ ಹಾಗೇ ಇರಬೇಕು, ಆಯ್ತಾ?"

ಮರುದಿನ ಬೆಳಕು ಹರಿಯುವಾಗ ಚಾಪೆ, ಅಕ್ಕಿ, ತಮ್ಮ ಅನ್ನದ ಪಾತ್ರೆ ಹಿಡಿದು ಬಂದರು. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮದೇ ಲೋಟದಲ್ಲಿ ನಮಗೆ ನೀರು, ಬೆಲ್ಲ ತಂದಿಟ್ಟರು.

"ಯಾವಾಗ ಹೊರಟದ್ದು ಮಾಷ್ಟ್ರೇ? ಬಸ್ಸು ಸಿಕ್ಕಿತಾ?"

"ಸಿಕ್ಕಿತು" ಎಂದರು ಗಂಡ, ಮಾಡು ನೋಡುತ್ತ. "ಸೀಟು ಸಿಗಲಿಲ್ಲ. ಮಲಗಿಕೊಂಡೇ ಬಂದೆ."

ನಾನು ಪೊರಕೆ ಮುಟ್ಟಿದರೆ "ನೆಂಟರು ಗುಡಿಸುವುದುಂಟಾ?" ಎಂದು ಕಸಿದರು. ಮದುವೆಯಾದ ಮೇಲೆ ಅಷ್ಟು ಹೊತ್ತು ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಆಕೆಯ ಕೂಗು. ಸ್ವಿಚ್ಚು ಶಾಕ್ ಹೊಡೆದಿತ್ತು. ನಾವು ಅದನ್ನು ಮರದ ಸೌಟಿನ ಹಿಡಿಯಿಂದ ಒತ್ತುತ್ತಿದ್ದೆವು. ನೆಂಟಳಾದವಳು ಅದನ್ನೆಲ್ಲ ಹೇಳುವುದು ಹೇಗೆ? ಆಮೇಲೆ ಆಕೆ ಸ್ನಾನಕ್ಕೆ ಹೋದರು. ಬಚ್ಚಲಿಗೆ ಚಿಲಕವಿರಲಿಲ್ಲ. ಒಳಗೆ ಜನ ಇದ್ದಾರೆಂದು ತಿಳಿಯಲಿ ಎಂದು ನನ್ನ ಗಂಡ ದಿನಾ ತಮ್ಮ ಸ್ನಾನದ ಉದ್ದಕ್ಕೂ ಮಗ್ಗಿ ಹೇಳುತ್ತಿದ್ದರು. ಆಕೆಗೆ ಮಗ್ಗಿ ಬಾರದು. "ನಾನಿದ್ದೇನೆ! ಇನ್ನೂ ಇದ್ದೇನೆ!" ಎಂದು ಕೊನೆಯ ಚೊಂಬಿನವರೆಗೂ ಕೂಗಿದರು.

ಹೊರಗೆ ಬಂದವರ ಮುಖ ಕೆಂಪಾಗಿತ್ತು. "ಎಂತ ಮನೆ ಮಾರಾಯ್ತಿ ಇದು! ಇದರಲ್ಲಿ ಜನ ಹೇಗೆ ಇರ್ತಾರೆ?"

ಸ್ವಿಚ್ಚಿಗೂ ಚಿಲಕಕ್ಕೂ ನಾನು ಪ್ರತಿ ತಿಂಗಳೂ ದುಂಬಾಲು ಬಿದ್ದವಳು. ಪ್ರತಿ ತಿಂಗಳೂ "ನೋಡುವ" ಎಂಬ ಉತ್ತರ ಪಡೆದವಳು. ನೆಂಟಳಾದ್ದರಿಂದ ಈಗ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ.

ಸಂಜೆ ದೀಪ ಹಚ್ಚಿದ ಮೇಲೆ ಆಕೆ ಕರಾರಿನ ಕಾಗದ ಬಿಡಿಸಿ ಕೀಲಿಕೈ ಮುಂದೆ ಚಾಚಿದರು. ನಾನು ಕೈ ಚಾಚಲಿಲ್ಲ. ಆ ಹೊತ್ತಿನಲ್ಲಿ ನಾನು ಅವರ ಒಕ್ಕಲಲ್ಲ, ಮನೆ ಹುಡುಕಿಕೊಂಡು ಬಂದ ಹೊಸಬಳು ಎಂದು ಥಟ್ಟನೆ ಹೊಳೆದಿತ್ತು.

"ಬಾಡಿಗೆಗೆ ಬರುವ ಮುಂಚೆ ಮನೆ ಒಮ್ಮೆ ನೋಡಬೇಕಲ್ಲ ದೊಡ್ಡಮ್ಮ?"

ಆಕೆ ನನ್ನನ್ನು ದುರುಗುಟ್ಟಿ ನೋಡಿದರು. ಆದರೆ ನಿಯಮ ಅವರದೇ. ಮುಂದಾಗಿ ನಡೆದು ತೋರಿಸಿದರು.

"ಬಚ್ಚಲಿಗೆ ಚಿಲಕ ಇಲ್ಲವಾ?"

"ಮೊದಲು ಇದ್ದವರು ಒಂದು ಮಾತು ಹೇಳ್ಳಿಲ್ಲ, ನೋಡು!"

"ಅವರು ಬಾಯಿಲ್ಲದ ಪಾಪದವರು ಇರಬೇಕು."

"ಪಾಪದವರಾ? ಮಹಾ ಜೋರಿನವರು!"

ಹಲಗೆಯ ಮೇಲಿಂದ ಗಂಡ ಗಂಭೀರವಾಗಿ ಹೇಳಿದರು: "ಚಿಲಕ, ಸ್ವಿಚ್ಚು ಸರಿಯಾಗದೆ ನಾವು ಈ ಮನೆಗೆ ಕಾಲಿಡುವುದಿಲ್ಲ."

"ಹಾಗಾದ್ರೆ ಎದ್ದು ಹೋಗಿ!"

"ಏಳಲಿಕ್ಕೆ ಆಗುವುದಿಲ್ಲವಲ್ಲ."

ಕರಾರು ಇಲ್ಲದೆ ನಮ್ಮನ್ನು ಒಳಗೆ ಬಿಟ್ಟು ಹೋಗುವ ಧೈರ್ಯ ಆಕೆಗಿರಲಿಲ್ಲ. ರಾತ್ರಿ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದರು. ಬೆಳಿಗ್ಗೆ ಬಡಗಿಯನ್ನೂ ವಯರಿಂಗಿನವನನ್ನೂ ಕರೆಸಿ, ಅವರ ಕೆಲಸ ಮುಗಿಯುವವರೆಗೆ ನೆಂಟರಿಗೆ ಗಂಜಿ ಬೇಯಿಸಿದರು.

ಬಡಗಿ ಚಿಲಕ ಹಾಕಿ ತೆಗೆದು ತೋರಿಸುವಾಗ ಆಕೆ ನಮಗೆ ಬಡಿಸುತ್ತಿದ್ದರು. ಸೌಟು ಅಲ್ಲೇ ಬಿಟ್ಟು ಕಾಗದ ತಂದರು. ಗಂಡ ಮಲಗಿದಲ್ಲೇ ಸಹಿ ಹಾಕಿದರು. ಆಕೆ ಕೀಲಿಕೈ ನನ್ನ ಮಡಿಲಿಗೆ ಹಾಕಿ, ಗಂಜಿಯ ಪಾತ್ರೆಗೆ ಮುಚ್ಚಳ ಮುಚ್ಚಿ, ಚಾಪೆ ಸುತ್ತಿಕೊಂಡು ಹೊರಟರು.

"ಉಪ್ಪಿನಕಾಯಿ ಹಾಕಲಿಲ್ಲ ದೊಡ್ಡಮ್ಮ" ಎಂದರು ಗಂಡ.

"ನಿಮ್ಮ ಮನೆ, ನೀವೇ ಹಾಕಿಕೊಳ್ಳಿ" ಎಂದವರು, ಅಂಗಳಕ್ಕಿಳಿದ ಮೇಲೆ ಬೆಚ್ಚಿ ನಿಂತು ತಿರುಗಿದರು. "ನಿಮ್ಮ ಮನೆ ಅಂತ ನಾನು ಹೇಳಿಲ್ಲ! ಬಡಗಿ ಸಾಕ್ಷಿ!"