ಮನೆ ಕಾದವಳು

ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮನೆಯವರಿಗೆ ಅಕ್ಕ, ಬೀದಿಯವರಿಗೆ ಬಾಗಿಲಕ್ಕ. ಯಾವಾಗ ನೋಡಿದರೂ ಮುಂಬಾಗಿಲಿನ ಒಂದು ಕದ ತೆರೆದಿಟ್ಟು, ಹೊಸ್ತಿಲಿನ ಒಳಗೆ, ಮೊಣಕಾಲಿನ ಮೇಲೆ ಯಾರದೋ ಅಂಗಿ ಹರಡಿಕೊಂಡು ಕೂತಿರುತ್ತಿದ್ದಳು. ಆ ಹೆಸರನ್ನು ಯಾರೋ ತಮಾಷೆಗೆ ಇಟ್ಟರು. ತಮಾಷೆ ಸವೆದುಹೋಯಿತು, ಹೆಸರು ಉಳಿಯಿತು.

ನಮ್ಮದು ಎದುರು ಮನೆ, ಮದುವೆಯಾದ ಮೇಲೂ ನಾನು ಅಲ್ಲೇ ಉಳಿದೆ. ಚಿಕ್ಕ ವಯಸ್ಸಿನಲ್ಲಿ ನಾವಿಬ್ಬರೂ ಒಂದೇ ಟೈಲರ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ನಾನು ಹೆಮ್ಮಿಂಗ್, ಅವಳು ಕಾಜಾ. ಗುಂಡಿ ತೂರುವ ಸೀಳಿನ ಸುತ್ತ ದಾರದಿಂದ ಅಂಚು ಕಟ್ಟುವುದೇ ಕಾಜಾ. ನೋಡುವುದಕ್ಕೆ ಏನೂ ಅಲ್ಲ, ಮಾಡಲು ಕೂತರೆ ಕಣ್ಣು, ಕತ್ತು ಎರಡೂ ಬಿದ್ದುಹೋಗುತ್ತವೆ. ಅವಳು ಹಾಕಿದ ಕಾಜಾ ಮೆಷಿನ್ನಿನದೋ ಕೈಯದೋ ಎಂದು ಗಿರಾಕಿಗಳು ಕೇಳುತ್ತಿದ್ದರು. ನಮ್ಮ ಮಾಸ್ಟರ್ ಹೊಗಳುವ ಜಾತಿಯಲ್ಲ. ಚೆನ್ನಾಗಿದೆ ಅನ್ನುವ ಮಾತು ಅವರ ಬಾಯಿಂದ ಬರಬೇಕಾದರೆ ಹಲ್ಲು ನೋಯುತ್ತದೇನೋ ಅನ್ನುವ ಹಾಗೆ ಇರುತ್ತಿದ್ದರು. ಅಂಥವರು ಒಂದು ದಿನ ಅವಳನ್ನು ಮೇಜಿನ ಹತ್ತಿರ ಕರೆದು, ಬಟ್ಟೆಯ ಮೇಲೆ ಗೆರೆ ಎಳೆದು, ತಮ್ಮ ದೊಡ್ಡ ಕತ್ತರಿಯನ್ನು ಅವಳ ಕೈಗೆ ಕೊಟ್ಟರು.

"ಕತ್ತರಿಸಮ್ಮ. ಕೈ ನಡುಗಿದ್ರೆ ನಷ್ಟ ನಂದು. ನಡುಗದಿದ್ರೆ ಕೆಲಸ ನಿಂದು."

ಅವಳ ಕೈ ನಡುಗಲಿಲ್ಲ. ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಿದಳು. ಅಷ್ಟು ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಅದಾದ ಕೆಲವು ದಿನಕ್ಕೆ ಅವರ ಮನೆಯವರೆಲ್ಲ ಚಿಕ್ಕಪ್ಪನ ಮಗಳ ಮದುವೆಗೆಂದು ಬೇರೆ ಊರಿಗೆ ಹೋದರು. ಅಪ್ಪ, ಅಮ್ಮ, ಇವಳು, ತಂಗಿ, ತಮ್ಮ. ವಾಪಸು ಬಂದು ನೋಡಿದರೆ ಮುಂಬಾಗಿಲಿನ ಬೀಗ ಭದ್ರವಾಗಿ ನೇತಾಡುತ್ತಿತ್ತು, ಹಿಂಬಾಗಿಲಿನ ಹಲಗೆ ಹಿತ್ತಲಲ್ಲಿ ಬಿದ್ದಿತ್ತು. ಅಮ್ಮನ ಒಡವೆ, ಅಪ್ಪನ ಕೈಗಡಿಯಾರ, ಒಳ್ಳೆಯ ಬಟ್ಟೆ, ಪಾತ್ರೆ ಎಲ್ಲ ಹೋಗಿದ್ದವು. ದಿಂಬಿನ ಚೀಲವನ್ನೂ ಬಿಟ್ಟಿರಲಿಲ್ಲ. ಸಾಮಾನು ತುಂಬಿಕೊಳ್ಳಲು ಚೀಲ ಬೇಕಲ್ಲ. ಬಂದವನು ಒಲೆ ಹಚ್ಚಿ ಟೀ ಮಾಡಿಕೊಂಡು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗಿದ್ದ. ಒಡವೆಗಿಂತ ಅಮ್ಮನಿಗೆ ಹೊಟ್ಟೆ ಉರಿಸಿದ್ದು ಆ ಲೋಟ. "ತೊಳೆದಿಟ್ಟಿದ್ದಾನೆ ನೋಡು, ಅವನ ಅತ್ತೆ ಮನೆ ಅನ್ನೋ ಹಾಗೆ" ಎಂದು ಸಾಯುವವರೆಗೂ ಹೇಳುತ್ತಿದ್ದರು.

ಪೊಲೀಸರು ಬಂದರು, ನೋಡಿದರು, ಬರೆದುಕೊಂಡು ಹೋದರು. ಅಲ್ಲಿಗೆ ಅದು ಮುಗಿಯಿತು. ಅವರಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ಜೋರಾಗಿ ಮಾತಾಡಿದವರಲ್ಲ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರೂ ಅಲ್ಲ. ಹೊಸ ಬಾಗಿಲು ಕೂರಿಸಿದ ದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರಂತೆ: "ಇನ್ನು ಈ ಮನೆಗೆ ಹೊರಗಿಂದ ಬೀಗ ಬೀಳಕೂಡದು. ಯಾರಾದ್ರೂ ಒಬ್ಬರು ಒಳಗಿರಬೇಕು."

"ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ" ಎಂದು ನಮ್ಮಪ್ಪ ನಮ್ಮ ಮನೆಯಲ್ಲಿ ನಕ್ಕರು. ಅವರಿಗೆ ಕೇಳಿಸಿತೋ ಏನೋ, ಕೆಲವು ದಿನ ಆ ಮನೆಯ ಯಜಮಾನರು ನಮ್ಮ ಕಡೆ ತಿರುಗಿ ನೋಡಲಿಲ್ಲ.

ಮೊದಮೊದಲು ಒಬ್ಬರಾದ ಮೇಲೆ ಒಬ್ಬರು ಕಾಯುವುದೆಂದಾಯಿತು. ಒಂದು ಹೊತ್ತು ಅಮ್ಮ, ಒಂದು ಹೊತ್ತು ಇವಳು, ರಜೆಯ ದಿನ ತಮ್ಮ. ಅಮ್ಮನಿಗೆ ಆಸ್ಪತ್ರೆ ಶುರುವಾಯಿತು. ತಮ್ಮನಿಗೆ ಪರೀಕ್ಷೆ. ತಂಗಿ ಚಿಕ್ಕವಳು, ಅವಳೊಬ್ಬಳನ್ನೇ ಬಿಡುವುದು ಹೇಗೆ? ಪಾಳಿ ಅನ್ನುವುದು ಸುತ್ತಿ ಸುತ್ತಿ ಇವಳ ತಲೆಗೇ ಬಂತು. ಇವಳು ಅಂಗಡಿಗೆ ಬರುವುದು ತಪ್ಪತೊಡಗಿತು. ಮಾಸ್ಟರ್ ಒಮ್ಮೆ ಮನೆಗೇ ಬಂದು ಅವರಪ್ಪನ ಹತ್ತಿರ ಮಾತಾಡಿದರು.

"ಕಾಜಾ ಮನೇಲಿ ಹಾಕ್ಬಹುದು ಸ್ವಾಮಿ. ಕಟಿಂಗ್ ಆಗಲ್ಲ. ಅದಕ್ಕೆ ಮೇಜು ಬೇಕು, ಎದುರಿಗೆ ಗಿರಾಕಿ ಬೇಕು."

"ಸ್ವಲ್ಪ ದಿನ" ಎಂದರು ಅಪ್ಪ. "ಒಂದು ವ್ಯವಸ್ಥೆ ಆಗೋವರೆಗೆ."

ಆ ವ್ಯವಸ್ಥೆ ಆಗಲೇ ಇಲ್ಲ. ಅವಳೇ ವ್ಯವಸ್ಥೆಯಾದಳು. ಕಾಜಾ ಹಾಕುವ ಅಂಗಿಗಳ ಗಂಟನ್ನು ನಾನೇ ಸಂಜೆ ತಂದುಕೊಟ್ಟು, ಬೆಳಿಗ್ಗೆ ಒಯ್ಯುತ್ತಿದ್ದೆ. ಮೇಜಿನ ಹತ್ತಿರದ ಜಾಗಕ್ಕೆ ಬೇರೊಬ್ಬಳು ಬಂದಳು. ಗಂಟು ಬಿಚ್ಚುವಾಗ ಬಾಗಿಲಕ್ಕ ಮೊದಲು ಕಾಜಾ ಹಾಕಬೇಕಾದ ಜಾಗ ನೋಡುತ್ತಿರಲಿಲ್ಲ. ತೋಳು, ಕಂಕುಳು ಕತ್ತರಿಸಿದ್ದು ಹೇಗಿದೆ ಎಂದು ತಿರುಗಿಸಿ ನೋಡುತ್ತಿದ್ದಳು. "ಇಲ್ಲಿ ಎಳೆಯತ್ತೆ ಕಣೇ ಇದು" ಅನ್ನುತ್ತಿದ್ದಳು. ಅವಳು ಹೇಳಿದ ಅಂಗಿ ನಿಜಕ್ಕೂ ವಾಪಸು ಬರುತ್ತಿತ್ತು.

ಒಂದು ಸಂಬಂಧವೂ ಬಂದಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಸ್ವಲ್ಪ ಕುಳ್ಳ, ನಗುಮುಖ. ಅವನ ಮನೆಯವರಿಗೆ ಇವಳು ಒಪ್ಪಿಗೆಯಾಗಿದ್ದಳು. ಮಗನ ಓದು ಮುಗಿಯಲಿ ಎಂದರು ಅಪ್ಪ. ಆಮೇಲೆ ಅಮ್ಮನ ಕಾಯಿಲೆ ಒಂದು ದಡ ಸೇರಲಿ ಎಂದರು. ಅಮ್ಮ ತೀರಿಕೊಂಡರು. ಅಷ್ಟರಲ್ಲಿ ಅವನು ಎಷ್ಟು ದಿನ ಅಂತ ಕಾದಾನು, ಬೇರೆ ಕಡೆ ಮದುವೆಯಾದ. ಯಾರೂ ಬೇಡ ಅನ್ನಲಿಲ್ಲ, ಯಾರೂ ತಡೆಯಲಿಲ್ಲ. ಆದರೆ ಆಗಲೂ ಇಲ್ಲ.

ತಂಗಿಯ ಮದುವೆ ಮಾತ್ರ ಆಯಿತು. ಛತ್ರ ಮನೆಯಿಂದ ಹೆಚ್ಚು ದೂರವಿರಲಿಲ್ಲ. ಬಾಗಿಲಕ್ಕ ಹೊಸ ಸೀರೆ ಉಟ್ಟು ಬಂದು, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತಳು. ಕೈ ತೊಳೆದುಕೊಂಡು ಬರುವ ಹೊತ್ತಿಗೆ ಅಪ್ಪ ಬಾಡಿಗೆ ಗಾಡಿ ತಂದು ನಿಲ್ಲಿಸಿದ್ದರು. ತಂಗಿ ಇವಳ ಕೈ ಹಿಡಿದುಕೊಂಡಳು.

"ಇರೇ ಅಕ್ಕ, ಇನ್ನೊಂದು ಗಳಿಗೆ."

"ನಮ್ಮನೆಯವರೆಲ್ಲ ಛತ್ರದಲ್ಲಿದ್ದಾರೆ ಅಂತ ಊರಿಗೇ ಗೊತ್ತು" ಎಂದರು ಅಪ್ಪ. "ಗೊತ್ತಾಗಬಾರದವರಿಗೂ ಗೊತ್ತಿರತ್ತೆ. ಹೊರಡಮ್ಮ ನೀನು."

ಗಾಡಿ ಹೊರಟಿತು. ನಾನು ಊಟ ಮುಗಿಸಿ ಸಂಜೆ ಬಂದಾಗ ಅವಳು ಹೊಸ ಸೀರೆಯಲ್ಲೇ ಹೊಸ್ತಿಲ ಒಳಗೆ ಕೂತಿದ್ದಳು. ಹೊಲಿಗೆ ಕೈಯಲ್ಲಿರಲಿಲ್ಲ. "ಹೋಳಿಗೆಗೆ ತುಪ್ಪ ಕಮ್ಮಿ ಆಯ್ತು ಅಂತ ಗಂಡಿನ ಕಡೆಯವರು ಗೊಣಗಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆ. "ಗೊಣಗಿರ್ತಾರೆ, ನೀನು ಕೇಳಿಸ್ಕೊಂಡಿಲ್ಲ" ಎಂದಳು.

ಅಪ್ಪ ಹೋದಮೇಲೆ ಈ ನಿಯಮವೂ ಅವರ ಜೊತೆಗೇ ಹೋಗುತ್ತದೆ ಎಂದು ನಾನಂದುಕೊಂಡಿದ್ದೆ. ಹೋಗಲಿಲ್ಲ. ತಮ್ಮ ಅಷ್ಟು ಹೊತ್ತಿಗೆ ಒಳ್ಳೆಯ ಕೆಲಸದಲ್ಲಿದ್ದ. ಅವನ ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನದು ಭಯ, ತಮ್ಮನದು ಅನುಕೂಲ. ಭಯವಾದರೂ ಒಂದು ದಿನ ಕಮ್ಮಿಯಾದೀತು, ಅನುಕೂಲ ಕಮ್ಮಿಯಾಗುವುದಿಲ್ಲ. ಅವರು ಮಕ್ಕಳೊಂದಿಗೆ ಸಮುದ್ರ ನೋಡಲು ಹೋದರು, ಬೆಟ್ಟ ನೋಡಲು ಹೋದರು. ಹೊರಡುವಾಗ ತಮ್ಮನ ಹೆಂಡತಿ, "ಅತ್ತಿಗೆ, ನೀವಿದ್ದೀರಲ್ಲ ಅಂತ ಧೈರ್ಯ" ಅನ್ನುವಳು. ಬರುವಾಗ ಒಂದು ಚಿಪ್ಪಿನ ಬೊಂಬೆ ತರುವಳು.

ಕಳ್ಳ ಬಂದದ್ದು ನಟ್ಟನಡು ಮಧ್ಯಾಹ್ನ.

ಆಗ ಮನೆಯಲ್ಲಿ ಅವಳೊಬ್ಬಳೇ. ಹಿಂಬಾಗಿಲಿನ ಚಿಲಕ ಅಲುಗಾಡಿದ ಸದ್ದಾಯಿತು. ಬೆಕ್ಕು ಇರಬೇಕೆಂದು ಹೋಗಿ ನೋಡಿದರೆ ಕದ ಅರ್ಧ ತೆರೆದಿತ್ತು, ಸಂದಿಯಲ್ಲಿ ಒಂದು ತೋಳು. ಅವಳು ಓಡಿಹೋಗಿ ಕದಕ್ಕೆ ಮೈ ಕೊಟ್ಟಳು. ಆ ಕಡೆಯಿಂದ ಅವನು ನೂಕಿದ.

"ಬಿಡಮ್ಮ" ಎಂದ ಅವನು, ಮೆತ್ತಗೆ. "ನಿಂಗೇನೂ ಮಾಡಲ್ಲ. ಸುಮ್ನೆ ಬಿಡು."

"ನೀನು ಹೋಗು" ಎಂದಳು ಇವಳು.

ಮುಖ ಕಾಣದ ಇಬ್ಬರೂ ಹಲಗೆಯ ಎರಡು ಬದಿಗೆ ನಿಂತು ನೂಕಿದರು. ಅವನು ತೋಳನ್ನು ಹಿಂದಕ್ಕೆಳೆದು ಒದ್ದ. ಕದ ಒಳಕ್ಕೆ ಬಂತು, ಇವಳ ಭಾರಕ್ಕೆ ಮತ್ತೆ ಹೊರಕ್ಕೆ ಹೋಗಿ ಬಡಿಯಿತು. ಆ ಹೊತ್ತಿಗೆ ಇವಳ ಬಲಗೈ ಬೆರಳು ಕದಕ್ಕೂ ಚೌಕಟ್ಟಿಗೂ ನಡುವೆ ಇದ್ದವು. ಆದರೂ ಬೆರಳು ಎಳೆದುಕೊಂಡು, ಎಡಗೈಯಿಂದ ಅಗುಳಿ ಹಾಕಿದಳು. ಹಿಂಬಾಗಿಲ ಬಳಿ ಜೋಡಿಸಿಟ್ಟ ಪಾತ್ರೆಗಳು ಬಿದ್ದ ಸದ್ದಿಗೆ, ಊಟಕ್ಕೆಂದು ಮನೆಗೆ ಬಂದಿದ್ದ ನಾನು ಓಡಿಹೋದಾಗ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದಳು. ಮಡಿಲೆಲ್ಲ ರಕ್ತ.

"ನಡಿ ಆಸ್ಪತ್ರೆಗೆ" ಎಂದೆ.

"ಮನೆ ಬಿಟ್ಟು ಹೇಗೆ ಬರ್ಲಿ? ಯಾರಾದ್ರೂ ಬರ್ಲಿ."

"ನಾನಿಲ್ಲಿ ಕೂತಿರ್ತೀನಿ. ನಮ್ಮೆಜಮಾನ್ರು ನಿನ್ನ ಕರ್ಕೊಂಡು ಹೋಗ್ತಾರೆ."

"ಬೇಡ. ನಾಳೆ ಏನಾದ್ರೂ ಕಾಣದೆ ಹೋದ್ರೆ ನಿನ್ನ ಮೇಲೆ ಬರತ್ತೆ. ಇವರ ಬಾಯಿ ನಿಂಗೆ ಗೊತ್ತಿಲ್ಲ."

ನಾನು ಅವಳ ತಮ್ಮನಿಗೆ ಫೋನ್ ಮಾಡಿದೆ. "ಮೀಟಿಂಗಲ್ಲಿದೀನಿ" ಎಂದ. "ಕಳ್ಳ ಹೋದ್ನಲ್ಲ? ಬಾಗಿಲು ಹಾಕಿದೆಯಲ್ಲ? ಬರ್ತೀನಿ." ಬಂದದ್ದು ಸಂಜೆ. ಅಲ್ಲಿಯವರೆಗೆ ಅವಳು ಕೈಗೆ ಟವೆಲು ಸುತ್ತಿಕೊಂಡು, ಗೋಡೆಗೊರಗಿ, ಹಲ್ಲು ಕಚ್ಚಿ ಕೂತಿದ್ದಳು. ಅವನು ಚಪ್ಪಲಿ ಬಿಟ್ಟವನೇ ನಮ್ಮನ್ನು ದಾಟಿ ಕೋಣೆಗೆ ಹೋದ. ಬೀರು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದೂ ಕೇಳಿತು. ಆಮೇಲೆ ಹೊರಗೆ ಬಂದ.

"ಏನೂ ಹೋಗಿಲ್ಲ ತಾನೇ ಅಕ್ಕ?"

"ಇಲ್ಲ" ಎಂದಳು. "ಏನೂ ಹೋಗಿಲ್ಲ."

ಎರಡು ಬೆರಳು ಸೊಟ್ಟಗೆ ಕೂಡಿಕೊಂಡವು. ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ನಾನು ಗಂಟು ತರುವುದು ನಿಂತಿತು.

ತಮ್ಮ ಮನೆಗೆ ಕ್ಯಾಮೆರಾ ಹಾಕಿಸಿದ. ಮುಂಬಾಗಿಲಿಗೊಂದು, ಹಿಂಬಾಗಿಲಿಗೊಂದು, ನಡುಮನೆಗೊಂದು. ಕಚೇರಿಯಲ್ಲಿ ಕೂತೇ ಫೋನಿನಲ್ಲಿ ಮನೆಯನ್ನು ನೋಡುತ್ತಿದ್ದ. ಕಳ್ಳ ಮತ್ತೆ ಬರಲಿಲ್ಲ. ಹಾಗಾಗಿ ಅದರಲ್ಲಿ ಕಂಡವಳು ಇವಳೇ. "ಅಕ್ಕ, ಮಧ್ಯಾಹ್ನ ಹಿಂಬಾಗಿಲು ತೆಗೆದಿತ್ತಲ್ಲ?" "ಅಕ್ಕ, ಅಷ್ಟು ಹೊತ್ತು ಯಾರು ಕೂತಿದ್ರು?" ಕೂತಿದ್ದವಳು ನಾನು. ಅಲ್ಲಿಂದಾಚೆ ನಾನು ಹೊಸ್ತಿಲ ಹೊರಗೇ ನಿಂತು ಮಾತಾಡಿಸಿ ಬರುತ್ತಿದ್ದೆ. ಜೀವಮಾನವೆಲ್ಲ ಕಾವಲಿದ್ದವಳ ಮೇಲೆ ಒಂದು ಕಾವಲು.

ಆಮೇಲೆ ತಮ್ಮ ಫ್ಲಾಟು ಕೊಂಡ. ಗೇಟಿನಲ್ಲೇ ಕಾವಲುಗಾರರು, ಹಗಲೂ ರಾತ್ರಿ. ಬೀದಿಯ ಮನೆಯನ್ನು ಮಾರುವ ಮಾತಾಯಿತು. ಫ್ಲಾಟಿನಲ್ಲಿ ಎರಡೇ ಕೋಣೆ, ಮಕ್ಕಳು ದೊಡ್ಡವರಾಗಿದ್ದಾರೆ, ನೀನು ತಂಗಿ ಮನೆಯಲ್ಲಿದ್ದರೆ ನಿನಗೂ ಬೇಜಾರು ಕಳೆಯುತ್ತದೆ ಎಂದ.

ಅಂದು ಅವಳು ಒಂದೇ ಒಂದು ಮಾತು ಕೇಳಿದಳಂತೆ. "ಇಷ್ಟು ವರ್ಷ ನಾನು ಕಾದದ್ದು?"

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದಳು ನನ್ನ ಹತ್ತಿರ. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತಂತೆ. "ಕಾಯಿ ಅಂತ ಯಾರು ಹೇಳಿದ್ರು ಅಕ್ಕ? ನಿಂಗೆ ಹೊರಗೆ ಹೋಗೋದು ಅಂದ್ರೆ ಆಗ್ತಿರ್ಲಿಲ್ಲ. ಮೊದಲಿಂದ್ಲೂ ನಿನ್ನ ಸ್ವಭಾವವೇ ಹಾಗೆ."

ತಂಗಿ ಅವಳನ್ನು ಸಂತೋಷದಿಂದಲೇ ಕರೆದುಕೊಂಡು ಹೋದಳು. ಕಿಟಕಿಯಿರುವ ಕೋಣೆ ಕೊಟ್ಟಳು. ಇವಳು ಹೋದ ವಾರದಲ್ಲೇ ತಂಗಿಯ ಗಂಡ ಹೇಳಿದನಂತೆ: "ಅತ್ತಿಗೆ ಬಂದ್ರು, ಇನ್ನು ನಾವು ನಾಲ್ಕು ದಿನ ಎಲ್ಲಾದ್ರೂ ಹೋಗ್ಬಹುದು." ಒಳ್ಳೆಯ ಮನುಷ್ಯ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನ ಅಣ್ಣನ ಮನೆಯ ಮದುವೆ ಬಂತು. ಎಲ್ಲರ ಬಟ್ಟೆ ಪೆಟ್ಟಿಗೆಗೆ ಹೋಯಿತು. ತಂಗಿ ಹಾಲು, ತರಕಾರಿಯ ವಿಷಯ ಹೇಳಲು ಬಂದಾಗ ಇವಳು ತನ್ನ ಸೀರೆ ಮಡಿಸುತ್ತಿದ್ದಳು.

"ನಾನೂ ಬರ್ತೀನಿ."

ತಂಗಿ ಗಂಡನ ಮುಖ ನೋಡಿದಳು. ಗಂಡ, "ಮನೆ?" ಎಂದ.

"ಬೀಗ ಹಾಕಿ" ಎಂದಳು ಬಾಗಿಲಕ್ಕ.

ಬೀಗ ಹಾಕಿಕೊಂಡು ಹೋದರು. ದಾರಿಯಲ್ಲಿ ತಂಗಿ ಪಕ್ಕದ ಮನೆಯವರಿಗೆ ಫೋನ್ ಮಾಡುತ್ತಲೇ ಇದ್ದಳು. ಮದುವೆ ಮನೆಯಲ್ಲಿ ಇವಳಿಗೆ ಪರಿಚಯದವರಿಲ್ಲ. ಕೂತವರು, "ನೀವು ಯಾರ ಕಡೆ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಬೇರೆ ಕಡೆ ತಿರುಗುತ್ತಿದ್ದರು. ಜನರ ನಡುವೆ ಕೈ ಎಲ್ಲಿಟ್ಟುಕೊಳ್ಳಬೇಕು ಎಂದೇ ತಿಳಿಯಲಿಲ್ಲ ಎಂದಳು. ಸೊಟ್ಟ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಳಗೆ ಬರುವವರನ್ನೂ ಹೊರಗೆ ಹೋಗುವವರನ್ನೂ ನೋಡುತ್ತ ಕೂತಳು.

ವಾಪಸು ಬಂದಾಗ ಮನೆ ಇದ್ದ ಹಾಗೇ ಇತ್ತು. ತಂಗಿ ಕೋಣೆಯಿಂದ ಕೋಣೆಗೆ ಓಡಾಡಿ, "ಏನೂ ಆಗಿಲ್ಲ ನೋಡೇ ಅಕ್ಕ, ಸುಮ್ನೆ ಹೆದರ್ಕೊಂಡಿದ್ದೆ ನಾನು" ಎಂದು ನಕ್ಕಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಬಸ್ ನಿಲ್ದಾಣದಲ್ಲಿ. ನಾನು ಬಸ್ಸಿಗೆ ಕಾಯುತ್ತಿದ್ದೆ. ಅವಳು ಕಲ್ಲು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಈಗ ದಿನಾ ಊಟವಾದ ಮೇಲೆ ಮನೆಯಿಂದ ಹೊರಟುಬಿಡುತ್ತಾಳಂತೆ. ಈ ವಯಸ್ಸಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ ಎಂದು ತಂಗಿ ಎಲ್ಲರ ಹತ್ತಿರ ಹೇಳುತ್ತಾಳಂತೆ.

"ಒಳ್ಳೇದೇ ಆಯ್ತಲ್ಲ, ಮನೆ ಭದ್ರವಾಗಿತ್ತಲ್ಲ" ಎಂದೆ.

"ಒಳ್ಳೇದೇ" ಎಂದಳು. "ಬೀಗ ತೆಗೀವಾಗ ನಂಗೇನನ್ನಿಸ್ತು ಗೊತ್ತಾ? ಕಳ್ಳ ಬಂದಿದ್ರೆ ಆಗಿತ್ತು ಅನ್ನಿಸ್ತು. ತಂಗಿ ಮನೆ ಅದು, ನಂಗೆ ಅನ್ನ ಹಾಕೋ ಮನೆ. ಎಲ್ಲಾ ದೋಚ್ಕೊಂಡು ಹೋಗಿರ್ಬಾರ್ದಾ ಅನ್ನಿಸ್ತು ಕಣೇ."

ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎದುರಿಗೆ ನಿಂತಿದ್ದ ಯಾರೋ ಹುಡುಗನ ಅಂಗಿಯ ತೋಳನ್ನು ನೋಡುತ್ತಿದ್ದಳು. ನನ್ನ ಬಸ್ಸು ಬಂತು. ನೀನೆಲ್ಲಿಗೆ ಹೋಗಬೇಕು ಎಂದು ಕೇಳಿದೆ.

"ಎಲ್ಲಿಗೂ ಇಲ್ಲ" ಎಂದಳು. "ನೀನು ಹತ್ತು, ಜಾಗ ಸಿಗಲ್ಲ."